ಗಾಳದ ಕೋಲಿಗೆ ಎಷ್ಟು ತುಂಡು?

ನಮ್ಮ ಬೀದಿಯ ಕೊನೆಯ ಮನೆಯ ರಾಯರು ನಿವೃತ್ತ ಇಂಜಿನಿಯರರು. ಮೀನು ತಿನ್ನುವವರಲ್ಲ; ಮೀನಿನ ಅಂಗಡಿಯ ಮುಂದೆ ಹಾಯಬೇಕಾದರೆ ಮೂಗಿಗೆ ಉತ್ತರೀಯ ಹಿಡಿಯುವವರು. ಹೋದ ಬೇಸಗೆಯಲ್ಲಿ ಅಮೆರಿಕದ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಇವರು ಅಲ್ಲಿಂದ ಒಂದು ಹೊಸ ಹುಚ್ಚು ಹಚ್ಚಿಕೊಂಡು ಬಂದರು. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು, ಹಕ್ಕಿಯ ಗರಿಯಿಂದ ಕಟ್ಟಿದ ಹುಸಿನೊಣವನ್ನು ಹೊಳೆಯ ಮೇಲೆ ಎಸೆದು, ಅದನ್ನು ನಿಜವಾದ ನೊಣವೆಂದು ನಂಬಿ ಬಂದ ಟ್ರೌಟ್ ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ಹೊಳೆಗೇ ಬಿಡುವ ಆಟ. “ಬಿಡುವುದೇ ಆದರೆ ಹಿಡಿಯುವುದೇಕೆ?” ಎಂದು ಅವರ ಮನೆಯಾಕೆ ಕೇಳಿದ ಪ್ರಶ್ನೆಗೆ ರಾಯರು ಇನ್ನೂ ಉತ್ತರ ಕೊಟ್ಟಿಲ್ಲ. ಅವರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ಈ ವರ್ಷ ಸ್ವಂತಕ್ಕೊಂದು ಕೋಲು ಕೊಳ್ಳಬೇಕು. ಎರಡು ತುಂಡಿನದನ್ನು ಕೊಳ್ಳುವುದೋ, ನಾಲ್ಕು ತುಂಡಿನದನ್ನೋ? “ಮೇಷ್ಟ್ರೇ, ನೀವು ಪುಸ್ತಕ ಓದುವವರು. ಸ್ವಲ್ಪ ನೋಡಿ ಹೇಳಿ” ಎಂದರು.

ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುವವನಿಗೆ ಗಾಳದ ಕೋಲಿನ ಪ್ರಶ್ನೆ! ನಗು ಬಂತು. ಆದರೆ ಯೋಚಿಸಿ ನೋಡಿದರೆ ಅದು ಸಂಧಿಯ ಪ್ರಶ್ನೆಯೇ. ಎರಡು ತುಂಡುಗಳು ಕೂಡುವೆಡೆ ಏನಾಗುತ್ತದೆ, ಕೂಡಿದ ಮೇಲೂ ಒಂದಾಗಿ ನಡೆಯುತ್ತವೆಯೇ ಎಂಬುದನ್ನು ವ್ಯಾಕರಣದ ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಹೇಳುತ್ತಿರುವವನಿಗೆ ಈ ವಿಷಯ ಪೂರ್ತಿ ಹೊರಗಿನದೆನ್ನುವಂತಿಲ್ಲ. ಪುಸ್ತಕ ಹುಡುಕಿದೆ. ಹುಡುಕಿದಷ್ಟೂ ಈ ಸಣ್ಣ ಪ್ರಶ್ನೆಯ ಹಿಂದೆ ಐದುನೂರು ವರ್ಷದ ಚರಿತ್ರೆ ತೆರೆದುಕೊಂಡಿತು.

ಮೊದಲು ಈ ಕೋಲಿನ ಕೆಲಸವೇನೆಂದು ತಿಳಿಯಬೇಕು. ನಮ್ಮ ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವ ಹುಡುಗನ ದಾರದ ತುದಿಯಲ್ಲಿ ಸೀಸದ ಗುಂಡೋ ಎರೆಹುಳುವೋ ಇರುತ್ತದೆ. ಆ ಭಾರವೇ ದಾರವನ್ನು ಎಳೆದುಕೊಂಡು ಹೋಗಿ ನೀರಿಗೆ ಬೀಳುತ್ತದೆ. ಹುಸಿನೊಣಕ್ಕೆ ಭಾರವೆಂಬುದೇ ಇಲ್ಲ; ಅದು ಗರಿ, ರೇಷ್ಮೆ, ನಾಲ್ಕು ಕೂದಲು. ಆದುದರಿಂದ ಇಲ್ಲಿ ತೂಕವೆಲ್ಲ ಹುರಿಯಲ್ಲಿರುತ್ತದೆ. ಕೋಲನ್ನು ಹಿಂದಕ್ಕೆ ಬೀಸಿದಾಗ ಹುರಿ ಬೆನ್ನ ಹಿಂದೆ ಗಾಳಿಯಲ್ಲಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಮುಂದಕ್ಕೆ ಬೀಸಿದಾಗ ಆ ತೂಕಕ್ಕೆ ಕೋಲು ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗಾಗುತ್ತ ಹುರಿಯನ್ನು ಎಸೆಯುತ್ತದೆ. ಬಾಗುವುದೇ ಇದರ ಬಾಳು. ಬುಡದಿಂದ ತುದಿಯವರೆಗೆ ಆ ಬಾಗು ಎಲ್ಲಿಯೂ ತಡೆಯಿಲ್ಲದೆ ಹರಿಯಬೇಕು. ನಡುವೆ ಒಂದು ಬಿಗಿಯಾದ ಕೂಡಿಕೆ ಬಂತೋ, ಬಾಗು ಅಲ್ಲಿ ಎಡವುತ್ತದೆ. ಹಾಗಾದರೆ ಕೋಲನ್ನು ಒಂದೇ ತುಂಡಿನಲ್ಲಿ ಮಾಡಿದರಾಯಿತಲ್ಲ? ಆಗುತ್ತದೆ. ಆದರೆ ಒಂಬತ್ತು ಅಡಿಯ, ಹಿಂದಿನ ಕಾಲದಲ್ಲಿ ಹದಿನೆಂಟು ಅಡಿಯ ಕೋಲನ್ನು ಮನೆಯಿಂದ ಹೊಳೆಗೆ ಒಯ್ಯುವುದು ಹೇಗೆ? ಜಗಳವೆಲ್ಲ ಹುಟ್ಟಿದ್ದು ಇಲ್ಲಿಯೇ. ಹೊಳೆ ಕೇಳುವುದು ಒಂದು, ದಾರಿ ಕೇಳುವುದು ಇನ್ನೊಂದು.

ಇಂಗ್ಲಿಷಿನಲ್ಲಿ ಗಾಳದ ವಿಷಯವಾಗಿ ಅಚ್ಚಾದ ಮೊದಲ ಗ್ರಂಥ ೧೪೯೬ರದು. ವಿಂಕಿನ್ ದ ವೋರ್ಡ್ ಎಂಬ ಮುದ್ರಕ ವೆಸ್ಟ್‌ಮಿನ್‌ಸ್ಟರಿನಲ್ಲಿ ಅದನ್ನು ಅಚ್ಚುಹಾಕಿದ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದೆಂದು ಪ್ರತೀತಿ. ಪ್ರತೀತಿಗೆ ಆಧಾರ ಸಾಲದೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮಲ್ಲಿ ಕರ್ತೃ ತಿಳಿಯದ ಗ್ರಂಥಗಳ ಅನುಭವವಿರುವ ನನಗೆ ಇದರಿಂದ ಬೇಸರವಾಗಲಿಲ್ಲ. ಬರೆದವರು ಯಾರೇ ಆಗಲಿ, ಕೈಯಿಂದ ಕೆಲಸ ಮಾಡಿದವರು ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತದೆ.

ಕೋಲು ಮಾಡುವ ವಿಧಾನ ಅಲ್ಲಿ ಹೀಗಿದೆ. ಸೆಪ್ಟೆಂಬರ್ ಕೊನೆಗೂ ಫೆಬ್ರವರಿ ಮೊದಲಿಗೂ ನಡುವೆ, ಅಂದರೆ ಚಳಿಯ ತಿಂಗಳುಗಳಲ್ಲಿ, ತೋಳಿನ ಗಾತ್ರದ, ಒಂದೂವರೆ ಮಾರು ಉದ್ದದ ಹೇಜಲ್ ಅಥವಾ ವಿಲೋ ಮರದ ನೀಳ ಕೊಂಬೆಯನ್ನು ಕಡಿಯಬೇಕು. ಬಿಸಿ ಒಲೆಯಲ್ಲಿಟ್ಟು ನೆಟ್ಟಗೆ ಮಾಡಿ ಒಂದು ತಿಂಗಳು ಒಣಗಿಸಬೇಕು. ಆಮೇಲೆ ಅದನ್ನು ದೊಡ್ಡ ತೊಲೆಗೆ ಬಿಗಿದು ಕಟ್ಟಿ, ಇದ್ದಿಲ ಬೆಂಕಿಯಲ್ಲಿ ಬೆಳ್ಳಗೆ ಕಾದ ಕಬ್ಬಿಣದ ಸಲಾಕೆಯಿಂದ ಅದರ ತಿರುಳನ್ನು ಉದ್ದಕ್ಕೂ ಸುಟ್ಟು ತೂತು ಮಾಡಬೇಕು. ಒಂದಕ್ಕಿಂತ ಒಂದು ದಪ್ಪನಾದ ಸಲಾಕೆಗಳಿಂದ ಆ ತೂತನ್ನು ಅಗಲಿಸಬೇಕು. ಮತ್ತೆ ಹೊಗೆಯಾಡುವ ಛಾವಣಿಯ ಕೆಳಗಿಟ್ಟು ಒಣಗಿಸಬೇಕು. ಇಷ್ಟಾದ ಮೇಲೆ ಕೋಲಿನ ಮೇಲ್ಭಾಗ. ಅದಕ್ಕೆ ಹಸಿ ಹೇಜಲಿನ ಒಂದು ಬೆತ್ತ, ಅದರ ತುದಿಗೆ ಮುಳ್ಳುಗಿಡದ ಸಪೂರವಾದ ಚಿಗುರು, ಎರಡನ್ನೂ ಸೇರಿಸಿ ಕಟ್ಟಬೇಕು. ಈ ಮೇಲ್ಭಾಗ ಪೂರ್ತಿಯಾಗಿ ಬುಡದ ಕೋಲಿನ ತೂತಿನೊಳಗೆ ಅಡಗುವಂತಿರಬೇಕು. ಹೊಳೆಯ ದಂಡೆ ಸೇರಿದ ಮೇಲೆ ಅದನ್ನು ಹೊರಗೆಳೆದು, ಬುಡದ ಕೋಲಿನ ಬಾಯಿಗೆ ಸಿಕ್ಕಿಸಿದರೆ ಗಾಳದ ಕೋಲು ಸಿದ್ಧ.

ಇಷ್ಟೆಲ್ಲ ಪಾಡು ಯಾತಕ್ಕೆ? ದಾರಿಯಲ್ಲಿ ನಡೆಯುವಾಗ ನೋಡಿದವರಿಗೆ ಅದು ಊರುಗೋಲಿನಂತೆ ಕಾಣಬೇಕು. ಇವನು ಯಾವ ಕೆಲಸಕ್ಕೆ ಹೊರಟಿದ್ದಾನೆಂದು ಯಾರಿಗೂ ತಿಳಿಯಬಾರದು ಎಂದು ಗ್ರಂಥವೇ ಹೇಳುತ್ತದೆ. ಅನುಮತಿ ಇಲ್ಲದ ಹೊಳೆಗೆ ಹೊರಟವನ ಜಾಣತನವೋ, ಕೆಲಸದ ದಿನ ಮೀನು ಹಿಡಿಯಲು ಹೊರಟವನ ಸಂಕೋಚವೋ, ಓದುಗರು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳಬಹುದು. ನಾನು ಗಮನಿಸಿದ್ದು ಇಷ್ಟು: ಕೋಲನ್ನು ತುಂಡು ಮಾಡುವ ವಿಚಾರ ಅಚ್ಚಾದ ಮೊದಲ ಪುಸ್ತಕದಲ್ಲಿಯೇ ಇದೆ, ಮತ್ತು ಅದಕ್ಕೆ ಕೊಟ್ಟ ಕಾರಣ ಹೊಳೆಯದಲ್ಲ, ದಾರಿಯದು.

ಅದೇ ಗ್ರಂಥ ಬುಡದ ಕೋಲಿನ ಎರಡು ತುದಿಗೂ ಕಬ್ಬಿಣದ ಅಥವಾ ಹಿತ್ತಾಳೆಯ ಪಟ್ಟಿ ತೊಡಿಸಬೇಕೆನ್ನುತ್ತದೆ. ಕೋಲಿನ ಕೂಡಿಕೆಗೆ ಹಾಕುವ ಲೋಹದ ಕೊಳವೆಗೆ ಇಂಗ್ಲಿಷಿನಲ್ಲಿ ಇಂದು ಫೆರೂಲ್ ಎನ್ನುತ್ತಾರೆ. ಕಬ್ಬಿಣಕ್ಕೆ ಲ್ಯಾಟಿನಿನಲ್ಲಿ ಫೆರಮ್ ಎಂಬ ಹೆಸರಿರುವುದರಿಂದ ಈ ಮಾತು ಅಲ್ಲಿಂದಲೇ ಹುಟ್ಟಿತೆಂದು ತೋರುತ್ತದೆ. ಆದರೆ ಅದರ ಹಳೆಯ ರೂಪ ವಿರೋಲ್. ಅದರ ಮೂಲ ವಿರಿಯೋಲ ಎಂಬ ಲ್ಯಾಟಿನ್ ಪದ. ಅರ್ಥ, ಚಿಕ್ಕ ಬಳೆ. ಮರ ಸೀಳದಿರಲೆಂದು ತೊಡಿಸಿದ ಬಳೆ. ಕಬ್ಬಿಣದ ನೆನಪಿನಲ್ಲಿ ಜನರ ನಾಲಗೆ ಅದನ್ನು ಫೆರೂಲ್ ಮಾಡಿತು. ನಾವು ಕನ್ನಡದಲ್ಲಿ ಅದನ್ನು ಬಳೆ ಎಂದೇ ಕರೆದರೆ ತಪ್ಪಾಗದು.

ಐಸಾಕ್ ವಾಲ್ಟನ್ನನ ಪ್ರಸಿದ್ಧ ಗಾಳದ ಗ್ರಂಥ ಬಂದದ್ದು ೧೬೫೩ರಲ್ಲಿ. ೧೬೭೬ರ ಐದನೆಯ ಆವೃತ್ತಿಗೆ ಅವನ ಸ್ನೇಹಿತ ಚಾರ್ಲ್ಸ್ ಕಾಟನ್ ಹುಸಿನೊಣದ ಗಾಳದ ಬಗ್ಗೆ ಎರಡನೆಯ ಭಾಗವನ್ನು ಬರೆದು ಸೇರಿಸಿದ. ವಾಲ್ಟನ್ ಲಂಡನ್ನಿನ ವರ್ತಕ. ಕಾಟನ್ ಡವ್ ಎಂಬ ಹೊಳೆಯ ದಂಡೆಯಲ್ಲೇ ಮನೆಯಿದ್ದ ಜಮೀನುದಾರ. ಹೊಳೆಯ ಬದಿಯಲ್ಲಿ ೧೬೭೪ರಲ್ಲಿ ಅವನು ಕಟ್ಟಿಸಿದ ಗಾಳದ ಮಂಟಪ ಇಂದಿಗೂ ನಿಂತಿದೆ. ಈ ಕಾಟನ್ ಮೆಚ್ಚಿದ ಕೋಲು ಯಾರ್ಕ್‌ಷೈರಿನ ಕೆಲಸ. ಅದರಲ್ಲಿ ಆರು, ಎಂಟು, ಹತ್ತು, ಹನ್ನೆರಡು ತುಂಡುಗಳು! ಎರಡೋ ನಾಲ್ಕೋ ಎಂದು ತಲೆ ಕೆಡಿಸಿಕೊಂಡಿದ್ದ ರಾಯರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ತುಂಡುಗಳನ್ನು ದಿನವೂ ಬಿಚ್ಚಿ ಕಟ್ಟುವುದಿಲ್ಲ. ಪ್ರತಿಯೊಂದು ತುಂಡಿನ ತುದಿಯನ್ನು ಓರೆಯಾಗಿ ಸೀಳಿ, ಒಂದರ ಓರೆಯನ್ನು ಇನ್ನೊಂದರ ಓರೆಗೆ ಹೊಂದಿಸಿ, ಕೆಳಭಾಗಕ್ಕೆ ನೂಲು, ಮೇಲ್ಭಾಗಕ್ಕೆ ರೇಷ್ಮೆ ಸುತ್ತಿ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಅದು ಒಂದೇ ಬೆತ್ತದಂತೆ ಸಪೂರವಾಗುತ್ತ ಹೋಗುತ್ತಿತ್ತು. ವರ್ಷದ ಆಟ ಮುಗಿದ ಮೇಲೆ ಕಟ್ಟು ಬಿಚ್ಚಿ, ತುಂಡುಗಳನ್ನು ಒಣ ಜಾಗದಲ್ಲಿ ವರಸೆ ತಪ್ಪದಂತೆ ಇಟ್ಟು, ಮರುವರ್ಷ ಮತ್ತೆ ಕಟ್ಟುವುದು. ಹೊಳೆ ಮನೆಯ ಮುಂದೆಯೇ ಹರಿಯುವವನಿಗೆ ಸಂಧಿ ಬಿಚ್ಚುವ ಪ್ರಸಂಗ ವರ್ಷಕ್ಕೊಮ್ಮೆ. ಅವನಿಗೆ ತುಂಡು ಬೇಕಾಗಿದ್ದುದು ಹೊರುವುದಕ್ಕಲ್ಲ, ಬೇರೆ ಬೇರೆ ಮರದ ಒಳ್ಳೆಯ ಭಾಗಗಳನ್ನು ಆರಿಸಿ ಜೋಡಿಸುವುದಕ್ಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸುಖ ತಪ್ಪಿತು. ೧೮೩೦ರಲ್ಲಿ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ರೈಲುಗಾಡಿ ಓಡತೊಡಗಿತು. ಮೂವತ್ತು ನಲವತ್ತು ವರ್ಷಗಳಲ್ಲಿ ಹಳಿಗಳು ಸ್ಕಾಟ್ಲೆಂಡಿನ ಸಾಲ್ಮನ್ ಹೊಳೆಗಳವರೆಗೂ ಹೋದವು. ಲಂಡನ್ನಿನ ವಕೀಲ, ಮ್ಯಾಂಚೆಸ್ಟರಿನ ನೂಲಿನ ವ್ಯಾಪಾರಿ, ರಜೆಯಲ್ಲಿ ಗಾಳ ಹಿಡಿದು ಗಾಡಿ ಹತ್ತಿದರು. ಹದಿನೆಂಟು ಅಡಿಯ ಸಾಲ್ಮನ್ ಕೋಲು ಬುಡ, ನಡು, ತುದಿ ಎಂದು ಮೂರು ಭಾಗವಾಗದೆ ರೈಲಿನ ಡಬ್ಬಿಯೊಳಗೆ ಹೋಗದು. ಲೋಹದ ಬಳೆಯ ಕೂಡಿಕೆ ಮೊದಲೇ ಇತ್ತು. ಈಗ ಅದು ಎಲ್ಲರಿಗೂ ಬೇಕಾಯಿತು. ಒಂದು ತುಂಡಿಗೆ ಕೊಳವೆ, ಇನ್ನೊಂದಕ್ಕೆ ಅದರೊಳಗೆ ಕೂರುವ ಮೊಳೆ. ಒತ್ತಿದರೆ ಕೂಡಿತು, ಎಳೆದರೆ ಬಿಟ್ಟಿತು.

ಈ ಬಳೆಗೆ ದೋಷಗಳೂ ಇದ್ದವು. ಮರ ಬಾಗುತ್ತದೆ, ಲೋಹ ಬಾಗದು. ಬಾಗುವುದು ನಿಂತು ಬಾಗದಿರುವುದು ಶುರುವಾಗುವ ಗೆರೆಯಲ್ಲಿ ಎಲ್ಲ ಒತ್ತಡ ಬಂದು ಕೂಡುತ್ತದೆ. ಕೋಲು ಮುರಿದರೆ ಅಲ್ಲಿಯೇ. ಜೊತೆಗೆ ಕೊಳವೆಯೊಳಗೆ ನೀರು ಸೇರಿ ಮರ ಉಬ್ಬುತ್ತಿತ್ತು, ಕೊಳೆಯುತ್ತಿತ್ತು. ಸ್ಕಾಟ್ಲೆಂಡಿನ ಇನ್‌ವರ್‌ನೆಸ್ಸಿನಲ್ಲಿ ಅಲೆಕ್ಸಾಂಡರ್ ಗ್ರಾಂಟ್ ಎಂಬ ಪಿಟೀಲು ತಯಾರಕನಿದ್ದ. ಗಾಳದಲ್ಲೂ ಎತ್ತಿದ ಕೈ. ತಂತಿ ಮಿಡಿದಾಗ ಕಂಪನ ಹೇಗೆ ಹರಿಯುತ್ತದೆಂದು ಕಿವಿಯಿಂದ ಬಲ್ಲವನು. ಲೋಹದ ಬಳೆ ಕೋಲಿನ ಕಂಪನವನ್ನು ಕೊಲ್ಲುತ್ತದೆಂದು ಅವನು ಅದನ್ನು ಬಿಟ್ಟು, ಕಾಟನ್ನನ ಕಾಲದ ಓರೆ ಕೂಡಿಕೆಗೇ ಮರಳಿ, ಗಯಾನಾ ದೇಶದ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದಿಂದ ಕೋಲು ಮಾಡಿದ. ಅದಕ್ಕೆ ಅವನಿಟ್ಟ ಹೆಸರೇ ‘ವೈಬ್ರೇಷನ್’. ಇವನ ಕೋಲಿಗೂ ತುಂಡುಗಳಿದ್ದವು; ಆದರೆ ಹೊಳೆಯ ದಂಡೆಯಲ್ಲಿ ಕುಳಿತು ಕಟ್ಟು ಸುತ್ತುವ ವ್ಯವಧಾನ ಬೇಕಿತ್ತು. ಗಾಡಿಯ ವೇಳೆ ನೋಡುತ್ತ ಗಾಳ ಹಾಕುವವನಿಗೆ ಆ ವ್ಯವಧಾನವೆಲ್ಲಿ?

ಇನ್ನು ಬಿದಿರಿನ ಮಾತು. ಇಲ್ಲಿ ನಮ್ಮ ದೇಶವೂ ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಈಸ್ಟನ್ ಎಂಬ ಊರಿನಲ್ಲಿ ಸ್ಯಾಮ್ಯುಯಲ್ ಫಿಲಿಪಿ ಎಂಬ ಬಂದೂಕಿನ ಕಸುಬಿನವನಿದ್ದ. ಇವನೂ ಪಿಟೀಲು ಮಾಡುತ್ತಿದ್ದವನೇ! ೧೮೪೦ರ ದಶಕದಲ್ಲಿ ಇವನು ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ಅಂಟಿನಿಂದ ಕೂಡಿಸಿ ಕೋಲು ಮಾಡಿದ. ಬಿದಿರಿನ ಬಲವೆಲ್ಲ ಹೊರ ಸಿಪ್ಪೆಯ ನಾರಿನಲ್ಲಿದೆ. ಒಳಗಿನ ಬೆಂಡು ತೆಗೆದು ಆ ನಾರನ್ನಷ್ಟೇ ಕೂಡಿಸಿದರೆ ಮರಕ್ಕಿಂತ ಹಗುರವಾದ, ಚುರುಕಾದ ಕೋಲಾಗುತ್ತದೆ. ಮುಂದೆ ಹೈರಮ್ ಲೆನರ್ಡ್ ಎಂಬವನು ಮೇನ್ ಸಂಸ್ಥಾನದ ಬ್ಯಾಂಗರ್ ಪಟ್ಟಣದಲ್ಲಿ ಆರು ಸೀಳುಗಳ ಷಟ್ಕೋನದ ಕೋಲುಗಳನ್ನು ಯಂತ್ರದ ಸಹಾಯದಿಂದ ಮಾಡಿ ಮಾರಿದ. ಬಳೆಯ ದೋಷಗಳಿಗೂ ಅವನೇ ಮದ್ದು ಹುಡುಕಿದ. ೧೮೭೫ರಲ್ಲಿ ನೀರು ಒಳಸೇರದ ಬಳೆಗೆ ಪೇಟೆಂಟು ಪಡೆದ. ೧೮೭೮ರಲ್ಲಿ ಬಳೆಯ ಅಂಚನ್ನು ಸಣ್ಣ ಸಣ್ಣದಾಗಿ ಸೀಳಿ, ಅದು ಬಿದಿರಿನ ಜೊತೆ ಒಂದಿಷ್ಟು ಬಾಗುವಂತೆ ಮಾಡಿ ಅದಕ್ಕೂ ಪೇಟೆಂಟು ಪಡೆದ. ಸಂಧಿಯಲ್ಲಿ ಎರಡೂ ಪದಗಳು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟ ಹಾಗೆ.

ಆ ಕಾಲದ ಈ ಕೋಲುಗಳ ಬಿದಿರು ಎಲ್ಲಿಯದು? ಕಲ್ಕತ್ತದ ಬಂದರಿನಿಂದ ಹಡಗೇರಿ ಹೋಗುತ್ತಿದ್ದುದರಿಂದ ಅದಕ್ಕೆ ಕಲ್ಕತ್ತ ಬೆತ್ತವೆಂದೇ ಹೆಸರು. ಒಣ ಕಾಡುಗಳಲ್ಲಿ ಬೆಳೆಯುವ, ಒಳಗೆ ಹೆಚ್ಚು ಟೊಳ್ಳಿಲ್ಲದ ಗಂಡು ಬಿದಿರು ಅದು. ನಮ್ಮ ಕರ್ನಾಟಕದ ಕಾಡುಗಳಲ್ಲೂ ಇದೆ. ಪೊಲೀಸರ ಲಾಠಿ ಇದರದೇ. ಒಂದೇ ಬಿದಿರು ಇಲ್ಲಿ ಲಾಠಿಯಾಗಿ, ಸಾಗರದಾಚೆ ರೇಷ್ಮೆ ಸುತ್ತಿದ ಗಾಳದ ಕೋಲಾಗಿ ಬಾಳಿತು. ಅದೇ ವರ್ಷಗಳಲ್ಲಿ, ೧೮೭೩ರಲ್ಲಿ, ಇಂಡಿಯಾ ದೇಶದ ಹೊಳೆಗಳಲ್ಲಿ ಗಾಳ ಹಾಕುವವರಿಗೆಂದು ಹೆನ್ರಿ ಸಲಿವನ್ ಥಾಮಸ್ ಎಂಬ ಮದರಾಸು ಸಿವಿಲ್ ಸೇವೆಯ ಅಧಿಕಾರಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದ. ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ; ಮುಂದೆ ೧೮೯೪ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದ ಅದೇ ಬಾಸೆಲ್ ಮಿಶನ್ನಿನವರಿಂದ. ನನ್ನ ಮೇಜಿನ ಮೇಲೆ ದಿನವೂ ಇರುವ ನಿಘಂಟಿಗೂ ರಾಯರ ಗಾಳಕ್ಕೂ ಹೀಗೊಂದು ನಂಟು ಸಿಕ್ಕಿದಾಗ ಆದ ಸಂತೋಷ ಸಣ್ಣದಲ್ಲ.

ಕಲ್ಕತ್ತ ಬೆತ್ತದ ವೈಭವ ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿರುತ್ತಿದ್ದವು. ಆ ಜಾಗದ ನಾರು ದುರ್ಬಲ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ದಕ್ಷಿಣ ಚೀನಾದ ಬಿದಿರು ಅದನ್ನು ಹಿಂದೆ ಹಾಕಿತು. ವ್ಯಾಪಾರಿಗಳು ಅದಕ್ಕೆ ಟಾಂಕಿನ್ ಎಂದು ಹೆಸರಿಟ್ಟರು. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ, ಬಿದಿರು ಬೆಳೆಯುವುದು ಕ್ವಾಂಗ್‌ಟುಂಗ್ ಪ್ರಾಂತದ ಗುಡ್ಡಗಳಲ್ಲಿ. ಹೆಸರು ಇಂದಿಗೂ ತಪ್ಪಾಗಿಯೇ ಉಳಿದಿದೆ. ೧೯೩೧ರಲ್ಲಿ ಮೆಕ್ಲೂರ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವಾಗ ‘ಅಮಾಬಿಲಿಸ್’, ಮನೋಹರ, ಎಂಬ ವಿಶೇಷಣ ಕೊಟ್ಟ. ಅದರ ಗೆಣ್ಣುಗಳು ಚಿಕ್ಕವು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು. ಆದರೂ ಗೆಣ್ಣು ಗೆಣ್ಣೇ. ಆರು ಸೀಳಿನ ಗೆಣ್ಣುಗಳು ಒಂದೇ ಕಡೆ ಬಾರದಂತೆ ಹಿಂದೆ ಮುಂದೆ ಸರಿಸಿ ಜೋಡಿಸುವುದೇ ಕುಶಲಿಯ ಕೈಚಳಕ. ಕೋಲಿನಲ್ಲಿ ಸಂಧಿಯೇ ಬೇಡವೆನ್ನುವವರು ಮೈಯೆಲ್ಲ ಸಂಧಿಯಾದ ಹುಲ್ಲನ್ನೇ ಆರಿಸಿಕೊಂಡದ್ದು ಒಂದು ತಮಾಷೆ.

೧೯೫೦ರ ಡಿಸೆಂಬರಿನಲ್ಲಿ, ಕೊರಿಯಾ ಯುದ್ಧದ ನಡುವೆ, ಅಮೆರಿಕ ಚೀನಾದ ಜೊತೆ ವ್ಯಾಪಾರವನ್ನು ನಿಷೇಧಿಸಿತು. ೧೯೭೧ರವರೆಗೆ ಹೊಸ ಟಾಂಕಿನ್ ಬಿದಿರು ಅಲ್ಲಿಗೆ ಬರಲಿಲ್ಲ. ದಾಸ್ತಾನು ಇದ್ದ ಕೆಲವರು ಉಳಿದರು; ಉಳಿದವರಲ್ಲಿ ಎಷ್ಟೋ ಮಂದಿ ಬಾಗಿಲು ಹಾಕಿದರು. ಮಹಾಯುದ್ಧ ಮುಗಿದೊಡನೆ ಪೇಟೆಗೆ ಬಂದಿದ್ದ ಗಾಜಿನ ನಾರಿನ ಟೊಳ್ಳು ಕೋಲು ಅಗ್ಗವಾಗಿತ್ತು, ನೀರಿಗೆ ಕೊಳೆಯದು, ಮಗುವಿನ ಕೈಗೂ ಕೊಡಬಹುದು. ಅದು ಗೆದ್ದಿತು. ಮೊದಮೊದಲು ಅದಕ್ಕೂ ಲೋಹದ ಬಳೆಯನ್ನೇ ತೊಡಿಸಿದರು. ೧೯೬೦ರ ದಶಕದಲ್ಲಿ ಅಮೆರಿಕದ ಫೆನ್ವಿಕ್ ಕಂಪನಿ ಬಳೆಯನ್ನೇ ತೆಗೆದುಹಾಕಿತು. ಕೋಲೇ ಟೊಳ್ಳಾದ ಮೇಲೆ ಮೇಲಿನ ತುಂಡಿನ ಬಾಯಿ ಕೆಳಗಿನ ತುಂಡಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತರೆ ಸಾಕಲ್ಲ! ಬಾಗುವ ವಸ್ತುವಿಗೆ ಅದೇ ವಸ್ತುವಿನ ಕೂಡಿಕೆ. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದಲ್ಲಿ ೧೯೬೦ರ ದಶಕದಲ್ಲಿ ರೂಪುಗೊಂಡ ಬಲವಾದ ಇಂಗಾಲದ ನಾರು ೧೯೭೦ರ ದಶಕದ ಆರಂಭದಲ್ಲಿ ಗಾಳದ ಕೋಲಿಗೂ ಬಂತು. ಕೂಡಿಕೆ ಇದೇ ಬಗೆಯದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಲೋಹದ ಬಳೆಯದು ಆಗಮಸಂಧಿ. ಇಲ್ಲದ ಒಂದು ವಸ್ತು ನಡುವೆ ಬಂದು ಕೂತದ್ದು. ಇದು ಲೋಪಸಂಧಿ.

ಇಷ್ಟಾದ ಮೇಲೂ ವಾದ ನಿಂತಿಲ್ಲ. ಎರಡು ತುಂಡಿನ ಪಕ್ಷದವರು, ಕೂಡಿಕೆಯ ಕಡೆ ನಾರು ಎರಡು ಪದರವಾಗುತ್ತದೆ, ತೂಕ ಹೆಚ್ಚುತ್ತದೆ, ಬಾಗಿನಲ್ಲಿ ಒಂದು ಚಪ್ಪಟೆ ಜಾಗ ಉಳಿಯುತ್ತದೆ, ಒಂದಾದರೆ ಸಹಿಸಬಹುದು, ಮೂರನ್ನು ಹೇಗೆ ಸಹಿಸುವುದು ಎನ್ನುತ್ತಾರೆ. ಹಿಂದಿನ ನಾಲ್ಕು ತುಂಡಿನ ಕೋಲುಗಳ ಮಟ್ಟಿಗೆ ಇದು ಸುಳ್ಳಲ್ಲ. ಎರಡು ತುಂಡಿಗೆಂದು ಯೋಚಿಸಿದ ಕೋಲನ್ನೇ ನಾಲ್ಕಾಗಿ ಕತ್ತರಿಸಿದರೆ ಹಾಗಾಗುತ್ತದೆ. ಪ್ರತಿ ತುಂಡಿನ ದಪ್ಪವನ್ನೂ ಕೂಡಿಕೆಯನ್ನು ಲೆಕ್ಕಕ್ಕಿಟ್ಟೇ ರೂಪಿಸಲು ಕಲಿತ ಮೇಲೆ ವ್ಯತ್ಯಾಸ ಬಹಳ ಕಡಿಮೆಯಾಗಿದೆ. ಇಂದು ಅಂಗಡಿಯಲ್ಲಿ ಒಂಬತ್ತು ಅಡಿಯ ಕೋಲು ಕೇಳಿದರೆ ಸಾಮಾನ್ಯವಾಗಿ ಕೊಡುವುದೇ ನಾಲ್ಕು ತುಂಡಿನದನ್ನು. ತುದಿ ಮುರಿದರೆ ಕೋಲಿನ ಅರ್ಧ ಹೋಗುವುದಿಲ್ಲ, ಕಾಲು ಭಾಗ ಹೋಗುತ್ತದೆ ಎಂಬ ಲಾಭವೂ ಇದೆ.

ನನಗೆ ಕುತೂಹಲ ಹುಟ್ಟಿಸುವುದು ಎರಡು ತುಂಡಿನವರ ಒಂದು ನಂಬಿಕೆ. ಎರಡು ಎಂಬುದು ಕೋಲಿನ ಸಹಜ ಸ್ಥಿತಿ, ಉಳಿದುದೆಲ್ಲ ಪ್ರಯಾಣಕ್ಕಾಗಿ ಮಾಡಿಕೊಂಡ ರಾಜಿ ಎಂಬಂತೆ ಅವರು ಮಾತಾಡುತ್ತಾರೆ. ಆದರೆ ಅವರ ಅಜ್ಜಂದಿರಿಗೆ ಮರ್ಯಾದೆಯ ಕೋಲೆಂದರೆ ಮೂರು ತುಂಡಿನದು. ಅದು ರೈಲಿನ ಡಬ್ಬಿ ಹೇಳಿದ ಸಂಖ್ಯೆ. ಒಂಬತ್ತು ಅಡಿಯ ಕೋಲು ಎರಡಾದರೆ ಪ್ರತಿಯೊಂದು ಸುಮಾರು ೧೪೦ ಸೆಂಟಿಮೀಟರ್. ಅದು ಸಲೀಸಾಗಿ ಹಿಡಿಸುವುದು ಎಲ್ಲಿ? ಮೋಟಾರು ಕಾರಿನಲ್ಲಿ. ನನ್ನ ಎಣಿಕೆಯಲ್ಲಿ ಎರಡು ತುಂಡು ಕಾರು ಹೇಳಿದ ಸಂಖ್ಯೆ, ಹೊಳೆ ಹೇಳಿದ್ದಲ್ಲ. ನಾಲ್ಕು ತುಂಡಾದರೆ ಪ್ರತಿಯೊಂದು ಎಪ್ಪತ್ತು ಸೆಂಟಿಮೀಟರಿನ ಸುಮಾರು. ವಿಮಾನದ ತಲೆಯ ಮೇಲಿನ ಗೂಡಿನಲ್ಲಿ ಇಡಬಹುದು. ಸಾಮಾನಿನ ಜೊತೆ ಹಾಕಿದ ಉದ್ದನೆಯ ಕೊಳವೆ ಊರು ಸೇರಿದಾಗ ಮುರಿದಿರುವುದೋ, ಬರದೇ ಹೋಗುವುದೋ ಅಪರೂಪವಲ್ಲ. ಆದರೆ ಅನೇಕ ವಿಮಾನ ಸಂಸ್ಥೆಗಳು ಕೈಸಾಮಾನಿಗೆ ಹಾಕಿರುವ ಮಿತಿ ೫೫ ಸೆಂಟಿಮೀಟರಿನ ಆಸುಪಾಸು. ಕಟ್ಟುನಿಟ್ಟಿನ ಸಿಬ್ಬಂದಿ ಅಳತೆಪಟ್ಟಿ ಹಿಡಿದರೆ ನಾಲ್ಕು ತುಂಡೂ ಸಾಲದು. ಆರೋ ಏಳೋ ಆಗಬೇಕು. ಅಂಥ ಕೋಲುಗಳೂ ಇವೆ. ಕಾಟನ್ನನ ಎಣಿಕೆಗೆ ಮರಳಿದಂತಾಯಿತು, ಕಾರಣ ಮಾತ್ರ ಬೇರೆ.

ರಾಯರಿಗೆ ಇದನ್ನೆಲ್ಲ ಒಂದು ಸಂಜೆ ಹೇಳಿದೆ. ಬೆಂಗಳೂರಿನಲ್ಲಿ ಟ್ರೌಟ್ ಇಲ್ಲ. ನೀಲಗಿರಿಯ ತೊರೆಗಳಿಗಾದರೂ ಬಸ್ಸಿನಲ್ಲಿ ಹೋಗಬೇಕು, ಮಗನ ಊರಿಗೆ ವಿಮಾನದಲ್ಲಿ. ಹೊಳೆಯ ದಂಡೆಯಲ್ಲಿ ಮನೆಯಿದ್ದಿದ್ದರೆ ಎರಡು ತುಂಡಿನದನ್ನು ಕೊಳ್ಳಿ ಎನ್ನುತ್ತಿದ್ದೆ. ನಿಮಗೆ ನಾಲ್ಕೇ ಸರಿ ಎಂದೆ. ಅವರು ತೃಪ್ತರಾದಂತೆ ಕಾಣಲಿಲ್ಲ. “ಬಾಗು ಕೆಡುವುದಿಲ್ಲವಷ್ಟೆ?” ಎಂದು ಎರಡು ಸಲ ಕೇಳಿದರು. ಅರವತ್ತೇಳರ ವಯಸ್ಸಿನಲ್ಲಿ, ವರ್ಷಕ್ಕೆ ಹದಿನೈದು ದಿನ ಸಿಗುವ ಹೊಳೆಗಾಗಿ, ಕೈಗೆ ಸಿಗುವ ಆ ಒಂದು ಬಾಗಿನ ಬಗ್ಗೆ ಅವರಿಗಿದ್ದ ಕಾಳಜಿ ಕಂಡು ನಾನು ನಗಲಿಲ್ಲ.

ಡಿಸೆಂಬರಿನಲ್ಲಿ ಮಗ ಬಂದಾಗ ನಾಲ್ಕು ತುಂಡಿನ ಕೋಲೇ ಬಂತು. ಈಗ ದಿನವೂ ಸಂಜೆ ರಾಯರು ಮಹಡಿಯ ಮೇಲೆ ನಿಂತು, ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿ, ಹುರಿ ಬೀಸುವ ಅಭ್ಯಾಸ ಮಾಡುತ್ತಾರೆ. ಪಕ್ಕದ ಮನೆಯ ಮಕ್ಕಳು ಗಾಳಿಪಟವೆಂದು ತಿಳಿದು ಓಡಿ ಬಂದಿದ್ದರಂತೆ. ಮೊನ್ನೆ ನಾನೂ ಹೋಗಿ ನೋಡಿದೆ. ಹಿಂದಕ್ಕೆ ಬೀಸಿದ ಹುರಿ ನೀರಿನ ತೊಟ್ಟಿಯ ಮೇಲೆ ನೀಳವಾಗಿ ಚಾಚಿ, ಕೋಲು ಬಾಗಿ, ಕೆಂಪು ಎಳೆ ಎದುರಿನ ತೆಂಗಿನ ಗರಿಯ ಹತ್ತಿರ ಮೆಲ್ಲಗೆ ಇಳಿಯಿತು. ಮುಗಿದ ಮೇಲೆ ಕೋಲನ್ನು ಬಿಚ್ಚಲಿಲ್ಲ. ಹಾಗೆಯೇ ಮಹಡಿಯ ಕೋಣೆಯ ಮೂಲೆಗೆ ಒರಗಿಸಿದರು. ತಂದ ದಿನದಿಂದಲೂ ಬಿಚ್ಚಿಲ್ಲವಂತೆ. ಹೀಗೆ ಬಹಳ ದಿನ ಬಿಟ್ಟರೆ ಕೂಡಿಕೆ ಕಚ್ಚಿಕೊಂಡು ಬಿಡುತ್ತದೆ, ತಿಂಗಳಿಗೊಮ್ಮೆಯಾದರೂ ಬಿಚ್ಚಿ ಒರಸಿ ಎಂದು ಹೇಳಿ ಬಂದಿದ್ದೇನೆ.